ಯುನಿಸೆಫ್ ಪರವಾಗಿ ಬರುವ ತಾರೆಯರಿಗೆ ದುಡ್ಡು ಕೊಡ್ತಾರಾ?

ಓದುಗರ ಪ್ರಶ್ನೆ: ವಿಶ್ವಸಂಸ್ಥೆಯ ಮಕ್ಕಳ ಸಂಸ್ಥೆಯಾದ ಯುನಿಸೆಫ್ ಪ್ರಚಾರದಲ್ಲಿ ಸಚಿನ್ ತೆಂಡೂಲ್ಕರ್, ಕರೀನಾ ಕಪೂರ್ ಕಾಣಿಸ್ತಾರೆ. ಮಕ್ಕಳಿಗೆ ಅಂತ ನಾವು ಕೊಟ್ಟ ದುಡ್ಡು ಅವರ ಸಂಭಾವನೆಗೆ ಹೋಗುತ್ತಾ? ಅವರು ಬರೋದ್ರಿಂದ ಬಡ ಮಕ್ಕಳಿಗೆ ನಿಜವಾಗ್ಲೂ ಏನಾದ್ರೂ ಸಿಗುತ್ತಾ?

ಮೊದಲನೆಯದಕ್ಕೆ ಉತ್ತರ, ಇಲ್ಲ. ಹೀಗೆ ತನ್ನ ಪರವಾಗಿ ಬರುವ ಹೆಸರಾಂತರನ್ನು ಯುನಿಸೆಫ್ ಸದ್ಭಾವನಾ ರಾಯಭಾರಿಗಳು ಅನ್ನುತ್ತದೆ, ಅವರಿಗೆ ಸಂಬಳ ಕೊಡುವುದಿಲ್ಲ. ಅವರು ತಮ್ಮ ಹೆಸರನ್ನೂ ಸಮಯವನ್ನೂ ಪುಕ್ಕಟೆಯಾಗಿಯೇ ಕೊಡುತ್ತಾರೆ.

ಎರಡನೆಯದಕ್ಕೆ ಒಂದೇ ಮಾತಿನ ಉತ್ತರ ಇಲ್ಲ.

ಈ ಪದ್ಧತಿ ಶುರುವಾಗಿದ್ದೇ ಒಂದು ವಿಮಾನದಲ್ಲಿ. 1949ರಲ್ಲಿ ಲಂಡನ್ನಿನಿಂದ ನ್ಯೂಯಾರ್ಕಿಗೆ ಹೊರಟಿದ್ದ ವಿಮಾನದ ಎಂಜಿನ್ನಿಗೆ ಬೆಂಕಿ ಹತ್ತಿಕೊಂಡಿತು. ಅದರಲ್ಲಿ ಹಾಸ್ಯನಟ ಡ್ಯಾನಿ ಕೇ ಇದ್ದರು, ಯುನಿಸೆಫ್ ಮುಖ್ಯಸ್ಥ ಮಾರಿಸ್ ಪೇಟ್ ಕೂಡ ಇದ್ದರು. ಅಲ್ಲಿ ಆದ ಪರಿಚಯ ಬೆಳೆದು, 1954ರಲ್ಲಿ ಕೇ ಯುನಿಸೆಫ್‌ನ ಮೊದಲ ರಾಯಭಾರಿಯಾದರು. ಭಾರತವೂ ಸೇರಿ ಏಷ್ಯಾದ ದೇಶಗಳನ್ನು ಸುತ್ತಿದರು. ಭಾಷೆ ಬಾರದ ಊರಲ್ಲಿ ಮುಖ ಸೊಟ್ಟ ಮಾಡಿದರೂ ಮಕ್ಕಳು ನಗುತ್ತಾರೆ, ಅಲ್ವಾ? ಕೇ ಅವರಿಗೆ ಅಷ್ಟೇ ಸಾಕಿತ್ತು. 1965ರಲ್ಲಿ ಯುನಿಸೆಫ್‌ಗೆ ನೊಬೆಲ್ ಶಾಂತಿ ಪ್ರಶಸ್ತಿ ಬಂದಾಗ ಓಸ್ಲೋಗೆ ಹೋದವರಲ್ಲಿ ಅವರೂ ಇದ್ದರು.

ನನಗೆ ಜಾಸ್ತಿ ಇಷ್ಟವಾಗುವುದು ಆಡ್ರಿ ಹೆಪ್‌ಬರ್ನ್ ಕತೆ. ತೆರೆಯ ಮೇಲೆ ಅಷ್ಟು ಚೆಂದ ಕಂಡ ಆ ಹೆಣ್ಣುಮಗಳು ಎರಡನೇ ಮಹಾಯುದ್ಧದಲ್ಲಿ ಹಾಲೆಂಡಿನಲ್ಲಿ ಸಿಕ್ಕಿಕೊಂಡಿದ್ದರು, 1944-45ರ ಚಳಿಗಾಲದಲ್ಲಿ ಅಲ್ಲಿನ ಜನ ತಿನ್ನೋಕೆ ಏನೂ ಸಿಗದೆ ಟ್ಯುಲಿಪ್ ಹೂವಿನ ಗೆಡ್ಡೆ ಬೇಯಿಸಿ ತಿಂದ ಕಾಲ ಅದು, ರಕ್ತಹೀನತೆಯಿಂದ ಬಳಲಿದ ಹುಡುಗಿಗೆ ಆಗ ಹದಿನೈದು ಹದಿನಾರು ವಯಸ್ಸು. ಯುದ್ಧ ಮುಗಿದ ಮೇಲೆ ಪರಿಹಾರ ಸಂಸ್ಥೆಯವರು ಊಟ, ಹಾಲು ತಂದರು. ಆ ಸಹಾಯವನ್ನು ಅವರು ಸಾಯುವವರೆಗೂ ನೆನೆದರು. 1988ರಲ್ಲಿ ಯುನಿಸೆಫ್ ಪರವಾಗಿ ಬರ ಬಿದ್ದ ಇಥಿಯೋಪಿಯಾಕ್ಕೆ ಹೋದಾಗ, ತಟ್ಟೆ ಹಿಡಿದು ನಿಂತ ಮಕ್ಕಳ ಮುಂದೆ ನಿಂತವರು ಬರೀ ಸಿನಿಮಾ ತಾರೆ ಆಗಿರಲಿಲ್ಲ, ಹಿಂದೊಮ್ಮೆ ಅದೇ ಸಾಲಲ್ಲಿ ನಿಂತಿದ್ದವರು. 1992ರ ಸೆಪ್ಟೆಂಬರಿನಲ್ಲಿ ಸೊಮಾಲಿಯಾಕ್ಕೆ ಹೋಗಿಬಂದರು. ಮುಂದಿನ ಜನವರಿಯಲ್ಲಿ ಕ್ಯಾನ್ಸರಿನಿಂದ ತೀರಿಕೊಂಡರು. ಇಂಥವರನ್ನು ಫೋಟೊಗೆ ಬಂದವರು ಅನ್ನೋಕೆ ನನಗೆ ಬಾಯಿ ಬರುವುದಿಲ್ಲ.

ಆದರೆ ಹೆಸರು, ಒಳ್ಳೆ ಮನಸ್ಸು ಎರಡೂ ಇದ್ದರೂ ಕೆಲಸ ಕೆಡಬಹುದು. 1971ರ ಆಗಸ್ಟ್ 1ರಂದು ನ್ಯೂಯಾರ್ಕಿನಲ್ಲಿ ಸಿತಾರ್ ವಾದಕ ಪಂಡಿತ್ ರವಿಶಂಕರ್ ಮತ್ತು ಬೀಟಲ್ಸ್ ತಂಡದಲ್ಲಿದ್ದ ಗಾಯಕ ಜಾರ್ಜ್ ಹ್ಯಾರಿಸನ್ ಬಾಂಗ್ಲಾದೇಶದ ನಿರಾಶ್ರಿತರಿಗಾಗಿ ಸಂಗೀತ ಕಛೇರಿ ಮಾಡಿದರು. ಒಂದೇ ದಿನ ಎರಡು ಪ್ರದರ್ಶನ, ಸುಮಾರು 40,000 ಜನ. ಟಿಕೆಟ್ಟಿನಿಂದ ಬಂದ 2,43,000 ಡಾಲರಿಗೂ ಹೆಚ್ಚು ಹಣ ಯುನಿಸೆಫ್‌ಗೆ ಬೇಗನೆ ತಲುಪಿತು. ಆಮೇಲೆ ಧ್ವನಿಮುದ್ರಿಕೆ ಮಾರಿ ಬಂದದ್ದು ಅದಕ್ಕಿಂತ ಎಷ್ಟೋ ಪಟ್ಟು ಜಾಸ್ತಿ, ಆದರೆ ಇದು ದತ್ತಿ ಕಾರ್ಯಕ್ರಮ ಅಂತ ಮೊದಲೇ ಕಾಗದಪತ್ರ ಸರಿ ಮಾಡಿಕೊಳ್ಳದೆ ಇದ್ದದ್ದರಿಂದ ಅದರಲ್ಲಿ ದೊಡ್ಡ ಪಾಲು ಅಮೆರಿಕದ ತೆರಿಗೆ ತಕರಾರಿನಲ್ಲಿ ವರ್ಷಗಟ್ಟಲೆ ಸಿಕ್ಕಿಬಿತ್ತು. ಹಸಿದ ಮಗು ಅಷ್ಟು ದಿನ ಕಾಯುತ್ತಾ? ಇದನ್ನು ನೆನೆದಾಗಲೆಲ್ಲ ಹೊಟ್ಟೆ ಚುರ್ ಅನ್ನುತ್ತದೆ.

ಫುಟ್‌ಬಾಲ್‌ನಲ್ಲೂ ಒಂದು ಒಳ್ಳೆ ಉದಾಹರಣೆ ಇದೆ. ಅಂಗಿ ಮೇಲೆ ಹೆಸರು ಹಾಕಿದ್ದಕ್ಕೆ ಕಂಪನಿಗಳು ಕ್ಲಬ್ಬಿಗೆ ಹಣ ಕೊಡುವುದು ರೂಢಿ. 2006ರಲ್ಲಿ ಸ್ಪೇನಿನ ಬಾರ್ಸಿಲೋನಾ ಕ್ಲಬ್ ಅಂಗಿ ಮೇಲೆ ಯುನಿಸೆಫ್ ಹೆಸರು ಹಾಕಿಕೊಂಡು, ತಾನೇ ವರ್ಷಕ್ಕೆ 15 ಲಕ್ಷ ಯೂರೋ ಕೊಟ್ಟಿತು.

ಇನ್ನು ನಮ್ಮ ದೇಶದ ಪೋಲಿಯೋ. ಯುನಿಸೆಫ್ ಪರವಾಗಿ ಅಮಿತಾಭ್ ಬಚ್ಚನ್ ಪೋಲಿಯೋ ಲಸಿಕೆಯ 'ಎರಡು ಹನಿ' ಹಾಕಿಸಿ ಅಂತ ಟೀವಿಯಲ್ಲಿ ಮೊದಲು ನಯವಾಗಿ ಹೇಳಿದರು, ಆಮೇಲೆ ಗದರಿದರು. ಗದರಿದ್ದೇ ಜಾಸ್ತಿ ನಾಟಿತು. 2009ರಲ್ಲೂ ದೇಶದಲ್ಲಿ 741 ಪ್ರಕರಣ ಇದ್ದವು. ಕೊನೆಯದು 2011ರ ಜನವರಿ 13ರಂದು, ಪಶ್ಚಿಮ ಬಂಗಾಳದ ಹೌರಾದ ಪುಟ್ಟ ಹೆಣ್ಣುಮಗುವಿನದು. 2014ರ ಮಾರ್ಚ್ 27ರಂದು ಭಾರತ ಪೋಲಿಯೋ ಮುಕ್ತ ಅಂತ ಪ್ರಮಾಣಪತ್ರ ಸಿಕ್ಕಿತು.

ಹಾಗಂತ ಪೋಲಿಯೋ ಓಡಿಸಿದ್ದು ಟೀವಿ ಒಂದೇ ಅಲ್ಲ. ಭಾನುವಾರ ಬೂತಿನಲ್ಲಿ ಹನಿ ಹಾಕಿ ಮಗುವಿನ ಎಡಗೈ ಕಿರುಬೆರಳಿಗೆ ಶಾಯಿ ಹಚ್ಚುತ್ತಿದ್ದವರು ಯಾರು? ಮರುದಿನ ಐಸ್ ತುಂಬಿದ ಡಬ್ಬಿ ಹೆಗಲಿಗೆ ಹಾಕಿಕೊಂಡು ಮನೆ ಮನೆಗೆ ಹೋಗಿ, ಬೆರಳು ನೋಡಿ, ಬಾಗಿಲ ಪಕ್ಕ ಸೀಮೆಸುಣ್ಣದಲ್ಲಿ 'ಪಿ' ಅಂತ ಗುರುತು ಹಾಕುತ್ತಿದ್ದವರು ಯಾರು? ಅಂಗನವಾಡಿಯವರು, ಆಶಾ ಕಾರ್ಯಕರ್ತೆಯರು, ನರ್ಸಮ್ಮಂದಿರು. ಬಚ್ಚನ್ ಮಾತು ಬಾಗಿಲು ತೆಗೆಸಿರಬಹುದು, ಹನಿ ಹಾಕಿದ ಕೈ ಇವರದು. ಯುನಿಸೆಫ್ ಹೆಸರಿನ ಜೊತೆ ಇವರನ್ನೂ ನೆನೆಯಬೇಕು ಅಂತ ನನಗೆ ಬಲವಾಗಿ ಅನ್ನಿಸುತ್ತದೆ.

ಆದ್ದರಿಂದ ನೀವು ದೇಣಿಗೆ ಕೊಡುವಾಗ, ಅದು ಯುನಿಸೆಫ್ ಇರಲಿ, ನಿಮ್ಮ ಊರಿನ ಪುಟ್ಟ ಸಂಸ್ಥೆ ಇರಲಿ, ಪೋಸ್ಟರಿನ ಮುಖ ನೋಡಿ ನಿಲ್ಲಬೇಡಿ. ಕಳೆದ ವರ್ಷದ ಲೆಕ್ಕ ಕೇಳಿ. ರಸೀದಿ ತಗೊಳ್ಳಿ. ಸಾಧ್ಯವಾದರೆ ಒಂದು ದಿನ ಹೋಗಿ ನೋಡಿ, ಮಕ್ಕಳ ಜೊತೆ ದಿನವೂ ಇರುವವರು ಯಾರು ಅಂತ ವಿಚಾರಿಸಿ, ಅವರ ಹತ್ತಿರ ಐದು ನಿಮಿಷ ಕೂತು ಮಾತಾಡಿ.