ಕಾಲುಬಾಯಿ ಬೇನೆಗೆ ಲಸಿಕೆ ಇದೆ, ಉಣ್ಣೆಗೆ ಯಾಕಿಲ್ಲ?

ಪ್ರಶ್ನೆ: ನಮ್ಮಲ್ಲಿ ಮೂರು ಎಚ್‌ಎಫ್ ಮಿಶ್ರತಳಿ ಹಸುಗಳಿವೆ. ರಕ್ತ ಹೀರೋ ಉಣ್ಣೆ ಹುಳದ ಕಾಟ ತಡೆಯೋಕಾಗ್ತಿಲ್ಲ. ಔಷಧಿ ಹೊಡೆದರೆ ಸ್ವಲ್ಪ ದಿನ ಸುಮ್ಮನಿದ್ದು ಮತ್ತೆ ಹಾಜರ್. ಕಾಲುಬಾಯಿ ಬೇನೆಗೆ ಆರು ತಿಂಗಳಿಗೊಮ್ಮೆ ಮನೆಗೇ ಬಂದು ಲಸಿಕೆ ಹಾಕ್ತಾರೆ. ಉಣ್ಣೆಗೂ ಹಾಗೇ ಒಂದು ಯಾಕೆ ಮಾಡಲಿಲ್ಲ?

ಉತ್ತರ: ಮಾಡಿದ್ದಾರೆ. ಮಾಡಿ ಮೂವತ್ತು ವರ್ಷ ದಾಟಿದೆ. ಆದರೆ ಅದು ನೀವು ಅಂದುಕೊಂಡ ಥರ ಕೆಲಸ ಮಾಡುವುದಿಲ್ಲ.

ಕಾಲುಬಾಯಿ ಬೇನೆಯ ವೈರಸ್ ಹಸುವಿನ ಮೈಯೊಳಗೆ ಬರುತ್ತದೆ. ಲಸಿಕೆ ಹಾಕಿದ್ದರೆ ರಕ್ತದಲ್ಲಿರುವ ಪ್ರತಿಕಾಯಗಳು ಅದನ್ನು ಹಿಡಿಯುತ್ತವೆ. ಉಣ್ಣೆ ಹಾಗಲ್ಲ, ಅದು ಚರ್ಮದ ಹೊರಗೇ ಕೂತಿರುತ್ತದೆ. ಪ್ರತಿಕಾಯ ಅದರ ಹತ್ತಿರ ಹೋಗುವುದಾದರೂ ಹೇಗೆ? ಹೋಗಬೇಕಿಲ್ಲ, ಉಣ್ಣೆಯೇ ಅದನ್ನು ರಕ್ತದ ಜೊತೆ ಕುಡಿಯುತ್ತದಲ್ವಾ! ಆಸ್ಟ್ರೇಲಿಯಾದ ಸರ್ಕಾರಿ ಸಂಶೋಧನಾ ಸಂಸ್ಥೆ ಸಿಎಸ್‌ಐಆರ್‌ಒದವರು ಹಿಡಿದದ್ದು ಇದೇ ದಾರಿ. ಉಣ್ಣೆಯ ಕರುಳಿನ ಗೋಡೆಯಲ್ಲಿ ಬಿಎಂ86 ಅನ್ನುವ ಒಂದು ಪ್ರೋಟೀನ್ ಇದೆ. ಅದನ್ನು ಪ್ರಯೋಗಾಲಯದಲ್ಲಿ ತಯಾರಿಸಿ ಹಸುವಿಗೆ ಚುಚ್ಚಿದರು. ಹಸು ಅದರ ವಿರುದ್ಧ ಪ್ರತಿಕಾಯ ಮಾಡಿಕೊಂಡಿತು. ಆ ರಕ್ತ ಕುಡಿದ ಉಣ್ಣೆಯ ಕರುಳೇ ಹಾಳಾಗಿ, ಕುಡಿದ ರಕ್ತ ಅದರ ಮೈಯೊಳಗೇ ಸೋರಿತು. ಕೆಲವು ಸತ್ತವು, ಉಳಿದವು ಕಡಿಮೆ ಮೊಟ್ಟೆ ಇಟ್ಟವು.

ತೊಡಕಿರುವುದೂ ಇಲ್ಲೇ. ಲಸಿಕೆ ಹಾಕಿದ ವಾರಕ್ಕೆ ಹಸುವಿನ ಗಂಗೆದೊಗಲು ಎತ್ತಿ ನೋಡಿದರೆ ಉಣ್ಣೆ ಮೊದಲಿನಂತೆಯೇ ಕಾಣುತ್ತದೆ. ಅದು ಕಚ್ಚುವುದನ್ನು ಈ ಲಸಿಕೆ ತಡೆಯುವುದಿಲ್ಲ. ನಮ್ಮ ದನಗಳಲ್ಲಿ ತೀರಾ ಸಾಮಾನ್ಯವಾದ ಉಣ್ಣೆ ಇದೆಯಲ್ಲ, ರಿಪಿಸೆಫಾಲಸ್ ಮೈಕ್ರೋಪ್ಲಸ್, ಅದು ಮರಿಯಾಗಿ ಹತ್ತಿದ ದನದ ಮೇಲೇ ಸುಮಾರು ಮೂರು ವಾರ ಬೆಳೆಯುತ್ತದೆ. ಹೆಣ್ಣು ಉಣ್ಣೆ ಹೆಚ್ಚಿನ ರಕ್ತ ಕುಡಿಯುವುದು ಕೊನೆಯ ಒಂದು ದಿನದಲ್ಲಿ. ನಿನ್ನೆ ಸಂಜೆ ಹೆಸರುಕಾಳಿನಷ್ಟಿದ್ದದ್ದು ಬೆಳಿಗ್ಗೆ ಹಾಲು ಕರೆಯುವಾಗ ಹರಳು ಬೀಜದ ಹಾಗೆ ಉಬ್ಬಿರುತ್ತದಲ್ಲ, ಅದಕ್ಕೇ. ಆಮೇಲೆ ಉದುರಿ, ಗೋಡೆ ಸಂದಿಯಲ್ಲೋ ಗೋದಲಿ ಕೆಳಗೋ ಸೇರಿ ಎರಡು ಮೂರು ಸಾವಿರ ಮೊಟ್ಟೆ ಇಡುತ್ತದೆ. ಲಸಿಕೆಯ ದೊಡ್ಡ ಪೆಟ್ಟು ಬೀಳುವುದು ಆ ಮೊಟ್ಟೆಗಳ ಮೇಲೆ. ಅಂದರೆ ಫಲ ಕಾಣುವುದು ಮುಂದಿನ ಪೀಳಿಗೆಯಲ್ಲಿ. ಅದೂ ಮಂದೆಯ ಎಲ್ಲಾ ದನಗಳಿಗೂ ಹಾಕಿಸಿದ್ದರೆ ಮಾತ್ರ.

ಇನ್ನೊಂದು ತಲೆನೋವಿದೆ. ಉಣ್ಣೆ ಕಚ್ಚಿದಾಗ ಅದರ ಜೊಲ್ಲು ಹಸುವಿನ ಮೈಗೆ ಹೋಗುತ್ತದೆ, ಕರುಳಿನ ಪ್ರೋಟೀನ್ ಹೋಗುವುದಿಲ್ಲ. ಹಾಗಾಗಿ ಎಷ್ಟು ಉಣ್ಣೆ ಕಚ್ಚಿದರೂ ಹಸುವಿನ ಮೈಗೆ ಹಳೆಯ ಪಾಠ ನೆನಪಾಗುವುದಿಲ್ಲ. ನಾವೇ ಮತ್ತೆ ಮತ್ತೆ ಚುಚ್ಚಬೇಕು. ಆಸ್ಟ್ರೇಲಿಯಾದಲ್ಲಿ 1994ರಲ್ಲಿ ಟಿಕ್‌ಗಾರ್ಡ್ ಹೆಸರಲ್ಲಿ ಬಂದ ಈ ಲಸಿಕೆ ಕೊನೆಗೆ ಮಾರುಕಟ್ಟೆಯಿಂದಲೇ ಹೋಯಿತು. ದುಡ್ಡು ಕೊಟ್ಟು, ನಾಲ್ಕಾರು ಸಲ ಚುಚ್ಚಿಸಿ, ಆಮೇಲೂ ಮೈಮೇಲೆ ಉಣ್ಣೆ ನೋಡುತ್ತಾ ಕೂರು ಅಂದರೆ ಯಾವ ರೈತ ಒಪ್ತಾನೆ? ಕ್ಯೂಬಾದಲ್ಲಿ ಇದೇ ಪ್ರೋಟೀನಿನ ಗಾವಾಕ್ ಲಸಿಕೆ ಉಳಿದುಕೊಂಡಿತು. ಅಲ್ಲಿ ಸರ್ಕಾರವೇ ಮುಂದೆ ನಿಂತು ಮಂದೆ ಮಂದೆಗೆ ಹಾಕಿಸಿತು, ಜೊತೆಗೆ ಔಷಧಿಯನ್ನೂ ಬಳಸಿತು. ನನ್ನ ಲೆಕ್ಕದಲ್ಲಿ ಸೋತದ್ದು ವಿಜ್ಞಾನಕ್ಕಿಂತ ಜಾಸ್ತಿ ವ್ಯಾಪಾರ.

ವಿಜ್ಞಾನವೂ ಪೂರ್ತಿ ಗೆದ್ದಿಲ್ಲ ಅನ್ನಿ. ಅರ್ಜೆಂಟೀನಾದ ಒಂದು ಬಗೆಯ ಉಣ್ಣೆಯಲ್ಲಿ ಇದೇ ಪ್ರೋಟೀನ್ ಸ್ವಲ್ಪ ಬೇರೆ ಇತ್ತು, ಲಸಿಕೆ ಅಷ್ಟಾಗಿ ನಾಟಲಿಲ್ಲ. ನಮ್ಮಲ್ಲಂತೂ ಮೈಕ್ರೋಪ್ಲಸ್ ಜೊತೆಗೆ ಹಯಲೋಮಾ ಜಾತಿಯ ಉಣ್ಣೆಯೂ ಇದೆ. ಇಜ್ಜತ್‌ನಗರದ ಭಾರತೀಯ ಪಶುವೈದ್ಯ ಸಂಶೋಧನಾ ಸಂಸ್ಥೆಯಲ್ಲಿ ಎರಡರ ಮೇಲೂ ಕೆಲಸ ನಡೆದಿದೆ.

ಉಣ್ಣೆಯ ಲಸಿಕೆ ಬೇರೆ, ಉಣ್ಣೆ ಹರಡುವ ರೋಗದ ಲಸಿಕೆ ಬೇರೆ. ನಿಮ್ಮದು ಮಿಶ್ರತಳಿ ಆದ್ದರಿಂದ ನಿಮಗೆ ಎರಡನೆಯದು ಮುಖ್ಯ. ಹಯಲೋಮಾ ಹರಡುವ ಥೈಲೇರಿಯಾ ಜ್ವರ ನಾಟಿ ದನಕ್ಕಿಂತ ಎಚ್‌ಎಫ್, ಜೆರ್ಸಿ ಮಿಶ್ರತಳಿಗೆ ಜೋರಾಗಿ ಬಡಿಯುತ್ತದೆ. ಜ್ವರ ಏರುತ್ತದೆ, ಭುಜದ ಮುಂದಿನ ಗಂಟು ಊದುತ್ತದೆ. ಇದಕ್ಕೆ ಭಾರತದಲ್ಲೇ ಲಸಿಕೆ ತಯಾರಾಗಿದೆ. ಹೈದರಾಬಾದಿನ ಇಂಡಿಯನ್ ಇಮ್ಯುನಾಲಾಜಿಕಲ್ಸ್‌ನ ರಕ್ಷಾವ್ಯಾಕ್-ಟಿ. ರೋಗಾಣು ಹೊಕ್ಕ ದನದ ಜೀವಕೋಶಗಳನ್ನೇ ಪ್ರಯೋಗಾಲಯದಲ್ಲಿ ಮತ್ತೆ ಮತ್ತೆ ಬೆಳೆಸಿ, ರೋಗಾಣುವಿನ ಶಕ್ತಿ ಇಳಿಸಿ ಮಾಡಿದ ಜೀವಂತ ಲಸಿಕೆ ಇದು. ಸಾಮಾನ್ಯ ಫ್ರಿಜ್ಜಿನಲ್ಲಿ ಉಳಿಯುವುದಿಲ್ಲ. ಹಸುವಿಗೆ ವೀರ್ಯದ ಕಡ್ಡಿ ತರುವವರ ಕೈಲಿ ಹೊಗೆಯಾಡುವ ಕ್ಯಾನ್ ನೋಡಿದ್ದೀರಲ್ಲ, ಅಂಥ ದ್ರವ ಸಾರಜನಕದಲ್ಲೇ, ಮೈನಸ್ 196 ಡಿಗ್ರಿಯಲ್ಲಿ, ಇಡಬೇಕು. ನಿಮ್ಮ ಕರುಗಳಿಗೆ ಹಾಕಿಸಬಹುದಾ ಅಂತ ಪಶುವೈದ್ಯರನ್ನು ಕೇಳಿ.

ಅಲ್ಲಿಯವರೆಗೆ ಔಷಧಿ ಹೊಡೆಯುವಾಗ ಹಸುವಿನ ಮೈಯೊಂದನ್ನೇ ನೋಡಬೇಡಿ. ಅದೇ ಔಷಧಿ ವರ್ಷಗಟ್ಟಲೆ ಹೊಡೆದರೆ ಉಣ್ಣೆ ಅದಕ್ಕೆ ಜಗ್ಗುವುದಿಲ್ಲ, ಯಾವಾಗ ಬದಲಿಸಬೇಕು ಅಂತ ವೈದ್ಯರನ್ನೇ ಕೇಳಿ. ಗೋಡೆ ಸಂದಿಗಳನ್ನು ಗಾರೆ ಮೆತ್ತಿ ಮುಚ್ಚಿ. ಕಿತ್ತ ಉಣ್ಣೆಯನ್ನು ಕೊಟ್ಟಿಗೆ ನೆಲಕ್ಕೆ ಎಸೆಯಬೇಡಿ, ಸೀಮೆಎಣ್ಣೆ ಹಾಕಿದ ಡಬ್ಬಿಗೆ ಹಾಕಿ. ಉಬ್ಬಿದ ಹೆಣ್ಣಾದರೆ ನೆಲಕ್ಕೆ ಬಿದ್ದ ಮೇಲೂ ಮೊಟ್ಟೆ ಇಡುತ್ತದೆ.