ಕುಂಟೆಬಿಲ್ಲೆ ಆಡುವ ತಾಳ

1940ರಲ್ಲಿ ಡಿಸ್ನಿಯ 'ಪಿನೋಕಿಯೋ' ಬಂತು. ಅದರ 'ವೆನ್ ಯೂ ವಿಶ್ ಅಪಾನ್ ಎ ಸ್ಟಾರ್' ಹಾಡು ಶುರುವಾಗುವುದೇ ಒಂದು ಜಿಗಿತದಿಂದ. ಕೆಳಗಿನ ಪಂಚಮದಿಂದ ನೇರ ಮೇಲಿನ ಪಂಚಮಕ್ಕೆ. ಅದೇ ವರ್ಷ ಅಮೆರಿಕದ ಗ್ಲೆನ್ ಮಿಲ್ಲರ್ ಅವರ ಜಾಝ್ ತಂಡ ಅದನ್ನು ರೆಕಾರ್ಡ್ ಮಾಡಿತು. 1957ರಲ್ಲಿ ಜಾಝ್ ಪಿಯಾನೋ ವಾದಕ ಡೇವ್ ಬ್ರೂಬೆಕ್ ಡಿಸ್ನಿ ಹಾಡುಗಳದ್ದೇ ಒಂದು ಆಲ್ಬಂ ತಂದರು. 1968ರಲ್ಲಿ ಜಾಝ್ ಗಾಯಕ, ಟ್ರಂಪೆಟ್ ವಾದಕ ಲೂಯಿ ಆರ್ಮ್‌ಸ್ಟ್ರಾಂಗ್ ಕೂಡ ತಂದರು. ರಾಗ ಹಳೆಯದೇ. ಆದರೆ ಈಗ ಕೇಳಿದರೆ ಕಾಲು ತಾನಾಗಿ ತಾಳ ಹಾಕುತ್ತದೆ. ಜಾಝ್‌ನ ಈ ತೂಗಾಟಕ್ಕೆ 'ಸ್ವಿಂಗ್' ಅನ್ನುತ್ತಾರೆ. ಅದು ಬರುವುದು ಹೇಗೆ?

'ಸ್ವಿಂಗ್ ರಕ್ತದಲ್ಲೇ ಬರಬೇಕು' ಅನ್ನುವವರಿದ್ದಾರೆ. ಈ ಮಾತು ಕೇಳಿದಾಗಲೆಲ್ಲ ನನಗೆ ಬೇಸರವಾಗುತ್ತದೆ. ವರ್ಷಗಟ್ಟಲೆ ಕೂತು ಕಲಿತವರ ದುಡಿಮೆಯನ್ನು ಅದು ಒಂದೇ ಏಟಿಗೆ ಅಳಿಸಿಬಿಡುತ್ತದೆ. 'ನಾಲ್ಕೆಣಿಕೆ ಇದ್ದರೆ ಮಾತ್ರ ಸ್ವಿಂಗ್' ಅನ್ನುವುದೂ ಸುಳ್ಳು. 1937ರ 'ಸ್ನೋ ವೈಟ್' ಚಿತ್ರದ 'ಸಮ್‌ಡೇ ಮೈ ಪ್ರಿನ್ಸ್ ವಿಲ್ ಕಮ್' ಮೂರೆಣಿಕೆಯ ಹಾಡು. 1961ರಲ್ಲಿ ಟ್ರಂಪೆಟ್ ವಾದಕ ಮೈಲ್ಸ್ ಡೇವಿಸ್ ಆ ಮೂರನ್ನು ಹಾಗೇ ಉಳಿಸಿಕೊಂಡು ನುಡಿಸಿದರು. ಎಷ್ಟು ಚೆಂದ ತೂಗುತ್ತದೆ ಅದು!

ಇನ್ನೊಂದು ವಿವರಣೆ ಅರ್ಧ ನಿಜ. ಒಂದು ಎಣಿಕೆಯನ್ನು ಎರಡು ಸಮ ಪಾಲು ಮಾಡುವ ಬದಲು, ನಮ್ಮ ತಿಶ್ರ ನಡೆಯ ಹಾಗೆ 'ತ-ಕಿ-ಟ' ಅಂತ ಮೂರು ಮಾಡಿ. ಮೊದಲ ಸ್ವರಕ್ಕೆ ಎರಡು ಪಾಲು, ಎರಡನೆಯದಕ್ಕೆ ಒಂದು. ಉದ್ದ, ಗಿಡ್ಡ, ಉದ್ದ, ಗಿಡ್ಡ.

ಸ್ವೀಡನ್ನಿನ ಆಂಡರ್ಸ್ ಫ್ರೀಬರ್ಗ್ ಮತ್ತು ಆಂಡ್ರಿಯಾಸ್ ಸಂಡ್‌ಸ್ಟ್ರಾಮ್ ಹೆಸರಾಂತ ಡ್ರಮ್ಮರ್‌ಗಳ ತಾಳದ ತಟ್ಟೆಯ (ಸಿಂಬಲ್) ಸದ್ದನ್ನು ಅಳೆದು 2002ರಲ್ಲಿ ಪ್ರಕಟಿಸಿದರು. ಈ ಪಾಲು ಯಾವಾಗಲೂ ಎರಡಕ್ಕೆ ಒಂದೇ ಇರುವುದಿಲ್ಲ ಅಂತ ಗೊತ್ತಾಯಿತು. ವೇಗ ಜಾಸ್ತಿಯಾದ ಹಾಗೆ ಉದ್ದ ಸ್ವರ ಕುಗ್ಗುತ್ತದೆ. ಗಿಡ್ಡ ಸ್ವರ ಮಾತ್ರ, ಮಧ್ಯಮ ವೇಗದಿಂದ ಮೇಲಕ್ಕೆ, ಸುಮಾರು 100 ಮಿಲಿಸೆಕೆಂಡ್‌ಗೇ ಅಂಟಿಕೊಂಡಿರುತ್ತದೆ.

ಕುಂಟೆಬಿಲ್ಲೆ ಆಟ ನೆನಪಿಸಿಕೊಳ್ಳಿ. ಒಂದು ಮನೆಯಲ್ಲಿ ಒಂಟಿ ಕಾಲಲ್ಲಿ ಎಷ್ಟು ಹೊತ್ತು ಬೇಕಾದರೂ ನಿಲ್ಲಬಹುದು. ಆದರೆ ಹಾರಿದ ಮೇಲೆ ಗಾಳಿಯಲ್ಲಿ ಇರುವ ಹೊತ್ತು ಅಷ್ಟೇ. ಒನಕೆಯೂ ಹಾಗೇ ಅಲ್ವಾ? ಎತ್ತಿ ಹಿಡಿಯುವುದು ನಿಮ್ಮಿಷ್ಟ, ಬಿಟ್ಟ ಮೇಲೆ ಬೀಳುವ ಹೊತ್ತು ನಿಮ್ಮ ಕೈಯಲ್ಲಿಲ್ಲ. (ಸ್ವಿಂಗ್ ಅಂದರೆ ಉಯ್ಯಾಲೆ ನಿಜ. ಆದರೆ ಉಯ್ಯಾಲೆಯ ಹೋಲಿಕೆ ಇಲ್ಲಿ ಕೆಲಸಕ್ಕೆ ಬರುವುದಿಲ್ಲ. ಅದು ಹೋಗುವುದಕ್ಕೂ ಬರುವುದಕ್ಕೂ ಒಂದೇ ಹೊತ್ತು ಹಿಡಿಯುತ್ತದೆ.)

ಸುಮ್ನೆ ಲೆಕ್ಕ ಹಾಕಿ ನೋಡಿ. ನಿಮಿಷಕ್ಕೆ 150 ಎಣಿಕೆ ಇದ್ದರೆ ಒಂದು ಎಣಿಕೆಗೆ 400 ಮಿಲಿಸೆಕೆಂಡ್. ಗಿಡ್ಡದ 100 ಕಳೆದರೆ ಉದ್ದಕ್ಕೆ 300, ಅಂದರೆ ಮೂರು ಪಟ್ಟು. 200 ಎಣಿಕೆಗೆ ಸರಿಯಾಗಿ ಎರಡು ಪಟ್ಟು. ತಿಶ್ರ ನಡೆಯ ಲೆಕ್ಕ ಕೂಡಿಬರುವುದು ಇಲ್ಲಿ ಮಾತ್ರ! 300 ಎಣಿಕೆಗೆ ಎರಡೂ ಸಮ.

ಆದರೆ ಆರ್ಮ್‌ಸ್ಟ್ರಾಂಗ್ ಅವರ ಪಿನೋಕಿಯೋ ಹಾಡು ನಿಧಾನದ್ದು. ಅಲ್ಲಿ ನನ್ನನ್ನು ಹಿಡಿದು ನಿಲ್ಲಿಸುವುದು ಉದ್ದ-ಗಿಡ್ಡ ಅಲ್ಲ, ಅವರು ತಾಳಕ್ಕಿಂತ ಕೊಂಚ ತಡವಾಗಿ ಬರುವ ರೀತಿ. ಜರ್ಮನಿಯ ಗಟಿಂಗನ್‌ನ ಮ್ಯಾಕ್ಸ್ ಪ್ಲ್ಯಾಂಕ್ ಸಂಸ್ಥೆಯ ಭೌತವಿಜ್ಞಾನಿಗಳ ತಂಡ 2022ರಲ್ಲಿ ಇಂಥ ತಡವನ್ನೇ ಪರೀಕ್ಷಿಸಿತು. ಪಿಯಾನೋ ರೆಕಾರ್ಡಿಂಗ್‌ಗಳಲ್ಲಿ ಎಣಿಕೆಯ ಮೇಲೆ ಬೀಳುವ ಸ್ವರಗಳನ್ನು ಕಂಪ್ಯೂಟರಿನಲ್ಲಿ ಸುಮಾರು 30 ಮಿಲಿಸೆಕೆಂಡ್ ತಡವಾಗಿ ಬರುವಂತೆ ಸರಿಸಿದರು. ನಡುವಿನ ಗಿಡ್ಡ ಸ್ವರಗಳನ್ನು ತಾಳದ ಜೊತೆಗೇ ಬಿಟ್ಟರು. ಇದೇ ಜಾಸ್ತಿ ತೂಗುತ್ತದೆ ಅಂತ ಕೇಳಿದ ಸಂಗೀತಗಾರರು ಹೇಳಿದರು. ಆದರೆ ಬದಲಾಗಿದ್ದು ಏನು ಅಂತ ಅನುಭವಿ ಜಾಝ್ ವಾದಕರಿಗೂ ಬೆರಳಿಟ್ಟು ತೋರಿಸಲು ಆಗಲಿಲ್ಲ.