ಭುಜದ ಮೇಲಿನ ಆ ಕಪ್ಪು ಬಟ್ಟೆ ಯಾಕಿದೆ?

ಚಳಿ ಶುರುವಾಯಿತೆಂದರೆ ನನ್ನ ಅಂಗಡಿಗೆ ಒಂದೇ ಥರದ ಜಾಕೆಟ್‌ಗಳು ಬರುತ್ತವೆ. ಉಬ್ಬಿದ ಮೈ, ಅಡ್ಡಡ್ಡ ಹೊಲಿಗೆ, ಭುಜದ ಮೇಲೆ ಕಪ್ಪು ಬಟ್ಟೆ, ಎದೆಯ ಮೇಲೆ ಬಾಗಿದ ಗೆರೆಗಳ ಲೋಗೋ. ದಿ ನಾರ್ತ್ ಫೇಸ್. ಕಲಬುರಗಿಯ ಸೂಪರ್ ಮಾರ್ಕೆಟ್ ಕಡೆ ಬ್ಯಾಗು, ಜಾಕೆಟ್ ರಿಪೇರಿ ಮಾಡುವವನು ನಾನು. ಚೈನು ಹೋಗಿದೆ, ಅಸ್ತರ್ ಹರಿದಿದೆ ಅಂತ ಹುಡುಗರು ತರುತ್ತಾರೆ. ಕೈಗೆ ಕೊಡುವಾಗ ಮೆಲ್ಲಗೆ ಕೇಳುತ್ತಾರೆ, "ಕಾಕಾ, ಇದು ಓರಿಜಿನಲ್ ಏನ್ರಿ?" ಬಹಳ ಸಲ ಅಲ್ಲ ಅಂತಲೇ ಹೇಳಬೇಕಾಗುತ್ತದೆ. ಲೋಗೋ ಈಗ ಎಲ್ಲರೂ ಚೆನ್ನಾಗಿಯೇ ಹೊಲಿಯುತ್ತಾರೆ, ಅದನ್ನು ನೋಡಿ ಏನೂ ತಿಳಿಯುವುದಿಲ್ಲ. ನಾನು ಮೊದಲು ಮುಟ್ಟಿ ನೋಡುವುದು ಭುಜದ ಆ ಕಪ್ಪು ಬಟ್ಟೆಯನ್ನು.

ಈ ಕಂಪನಿ ಶುರುವಾಗಿದ್ದು 1966ರಲ್ಲಿ, ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ. ಡಗ್ಲಸ್ ಟಾಂಪ್‌ಕಿನ್ಸ್ ಮತ್ತು ಸೂಸಿ ಟಾಂಪ್‌ಕಿನ್ಸ್ ಎಂಬ ಗಂಡ ಹೆಂಡತಿ ಗುಡ್ಡ ಹತ್ತುವವರಿಗೆ ಬೇಕಾದ ಸಾಮಾನಿನ ಸಣ್ಣ ಅಂಗಡಿ ಇಟ್ಟರು. ಅವರ ಕಡೆಯ ಪರ್ವತಗಳಲ್ಲಿ ಉತ್ತರದ ಮಗ್ಗುಲಿಗೆ ಬಿಸಿಲು ಕಡಿಮೆ, ಹಿಮ ಗಟ್ಟಿ, ಹತ್ತುವುದು ಜಾಸ್ತಿ ಕಷ್ಟ. ಅದೇ ಅಂಗಡಿಯ ಹೆಸರಾಯಿತು. ಎರಡೇ ವರ್ಷಕ್ಕೆ ಅವರು ಅದನ್ನು ಮಾರಿದರು. ಡಗ್ಲಸ್ ಅದೇ 1968ರಲ್ಲಿ ಗೆಳೆಯರ ಜೊತೆ ಕ್ಯಾಲಿಫೋರ್ನಿಯಾದಿಂದ ವ್ಯಾನಿನಲ್ಲಿ ಹೊರಟು, ದಕ್ಷಿಣ ಅಮೆರಿಕದ ತುದಿಯ ಫಿಟ್ಜ್ ರಾಯ್ ಶಿಖರ ಹತ್ತಿ ಬಂದರು. ಮುಂದೆ ಅದೇ ಸೀಮೆಯಲ್ಲಿ, ಚಿಲಿ ಮತ್ತು ಅರ್ಜೆಂಟೀನಾದಲ್ಲಿ, ಕಾಡು ಉಳಿಸಲೆಂದು ಲಕ್ಷಗಟ್ಟಲೆ ಎಕರೆ ಭೂಮಿ ಕೊಂಡರು. 2015ರಲ್ಲಿ ಚಿಲಿಯ ಸರೋವರವೊಂದರಲ್ಲಿ ಅವರ ದೋಣಿ ಮಗುಚಿತು, ತಣ್ಣೀರಿನಲ್ಲಿ ಮೈ ಬಿಸಿ ಇಳಿದು ತೀರಿಕೊಂಡರು.

ಅಂಗಡಿ ಕೊಂಡವರು ಹ್ಯಾಪ್ ಕ್ಲಾಪ್. ಅವರು ಅದನ್ನು ಹತ್ತಿರದ ಬರ್ಕ್ಲಿ ಊರಿಗೆ ಒಯ್ದರು, ತಾವೇ ಸಾಮಾನು ತಯಾರಿಸತೊಡಗಿದರು. 1971ರಲ್ಲಿ ಡೇವಿಡ್ ಆಲ್ಕಾರ್ನ್ ಎಂಬುವರು ಲೋಗೋ ಬರೆದುಕೊಟ್ಟರು. ಕ್ಯಾಲಿಫೋರ್ನಿಯಾದ ಯೊಸೆಮಿಟಿ ಕಣಿವೆಯಲ್ಲಿ ಹಾಫ್ ಡೋಮ್ ಅಂತ ಒಂದು ಬಂಡೆ ಇದೆ, ಅರ್ಧ ಗುಮ್ಮಟದ ಆಕಾರ. ಆ ಗೆರೆಗಳು ಅದರದ್ದೇ.

ನನಗೆ ಈ ಕಂಪನಿಯ ಕೆಲಸದಲ್ಲಿ ಎಲ್ಲಕ್ಕಿಂತ ಹೆಚ್ಚು ಇಷ್ಟವಾಗುವುದು 1975ರ ಓವಲ್ ಇಂಟೆನ್ಷನ್ ಎಂಬ ಟೆಂಟು. ಅದಕ್ಕೂ ಮೊದಲು ಗುಡ್ಡ ಹತ್ತುವವರ ಟೆಂಟು ಹೆಚ್ಚಾಗಿ ಎರಡು ಕಡೆ ಕೋಲು ನಿಲ್ಲಿಸಿ, ಹಗ್ಗ ಎಳೆದು ಕಟ್ಟುವಂಥದ್ದು. ಜೋರು ಗಾಳಿಗೆ ಒಂದು ಗೂಟ ಕಿತ್ತರೆ ಟೆಂಟು ಮಲಗಿತು. ಬಕ್‌ಮಿನ್‌ಸ್ಟರ್ ಫುಲ್ಲರ್ ಎಂಬ ವಿನ್ಯಾಸಕಾರರ ಗುಮ್ಮಟದ ವಿಚಾರವನ್ನು ಕಂಪನಿಯವರು ಟೆಂಟಿಗೆ ತಂದರು. ಬಾಗುವ ಸಣ್ಣ ಕೋಲುಗಳು ಒಂದರ ಮೇಲೊಂದು ಹಾದು ತ್ರಿಕೋನಗಳಾಗುತ್ತವೆ, ಗಾಳಿ ಯಾವ ಕಡೆಯಿಂದ ಹೊಡೆದರೂ ಆ ಭಾರ ಎಲ್ಲಾ ಕೋಲುಗಳಿಗೂ ಹಂಚಿ ಹೋಗುತ್ತದೆ, ಒಳಗೆ ಕೂರಲು ಜಾಗವೂ ಜಾಸ್ತಿ. ಇವತ್ತು ಆನ್‌ಲೈನ್‌ನಲ್ಲಿ ಸಿಗುವ ಗುಂಡನೆಯ ಟೆಂಟುಗಳಲ್ಲಿ ಆ ವಿಚಾರವೇ ಇದೆ.

ಇನ್ನು ಜಾಕೆಟ್. ನುಪ್ಟ್ಸೆ ಅಂತ ಅದರ ಹೆಸರು, ಎವರೆಸ್ಟ್ ಪಕ್ಕದ 7,861 ಮೀಟರ್ ಶಿಖರದ ಹೆಸರು. 1992ರಲ್ಲಿ ಬಂತು. ಒಳಗೆ ಹೆಬ್ಬಾತಿನ ಎದೆಯ ಸಣ್ಣ ತುಪ್ಪಳ. ತುಪ್ಪಳ ತಾನೇ ಬಿಸಿ ಕೊಡುವುದಿಲ್ಲ, ಅದರ ಎಳೆಗಳ ನಡುವೆ ಸಿಕ್ಕಿಕೊಂಡ ಗಾಳಿ ನಮ್ಮ ಮೈಯ ಬಿಸಿಯನ್ನು ಹೊರಗೆ ಬಿಡುವುದಿಲ್ಲ, ಅಷ್ಟೇ. 700 ಫಿಲ್ ಅಂತ ಬರೆದಿರುತ್ತಾರಲ್ವಾ, ಅಂದರೆ ಒಂದು ಔನ್ಸ್, ಸುಮಾರು 28 ಗ್ರಾಂ ತುಪ್ಪಳ ಉಬ್ಬಿ 700 ಘನ ಇಂಚು ಜಾಗ ತುಂಬುತ್ತದೆ. ಅಡ್ಡ ಹೊಲಿಗೆ ಚೆಂದಕ್ಕಲ್ಲ, ತುಪ್ಪಳವೆಲ್ಲ ಕೆಳಗೆ ಜಾರಿ ಸೊಂಟದಲ್ಲಿ ಕೂರಬಾರದು ಅಂತ. ಭುಜದ ಮೇಲೆ ಚೀಲದ ಪಟ್ಟಿ ದಿನವಿಡೀ ಉಜ್ಜುತ್ತದೆ, ತೆಳು ಬಟ್ಟೆ ಅಲ್ಲೇ ಮೊದಲು ಸವೆಯುತ್ತದೆ. ಅದಕ್ಕೇ ಭುಜಕ್ಕೆ ಗಟ್ಟಿ ನೈಲಾನ್ ಬಟ್ಟೆ.

ನಕಲಿ ಜಾಕೆಟ್‌ನಲ್ಲಿ ಹೆಚ್ಚಾಗಿ ಆ ಕಪ್ಪು ಬರೀ ಬಣ್ಣ. ಮೇಲಿನ ಬಟ್ಟೆಯೂ ಅದೇ, ಕೆಳಗಿನದೂ ಅದೇ. ಒಳಗೆ ಪಾಲಿಯೆಸ್ಟರ್ ತುಂಬಿರುತ್ತಾರೆ, ಎರಡು ಸಲ ಒಗೆದರೆ ಹಳೇ ಗಾದಿಯ ಹತ್ತಿಯಂತೆ ಗಂಟು ಕಟ್ಟುತ್ತದೆ. ಹಾಗಂತ ಪಾಲಿಯೆಸ್ಟರ್ ಕೆಟ್ಟದ್ದು ಅಂತ ನಾನು ಹೇಳುವುದಿಲ್ಲ. ಒಳ್ಳೆಯ ಪಾಲಿಯೆಸ್ಟರ್ ತುಂಬಿ, ಸರಿಯಾಗಿ ಹೊಲಿದು, ಬೇರೆ ಹೆಸರಿನಲ್ಲಿ ಮಾರುವ ಜಾಕೆಟ್ ಎಷ್ಟೋ ವಾಸಿ. ಸುಳ್ಳು ಹೆಸರಿಗೆ ದುಡ್ಡು ಸುರಿಯುವುದು ನನಗೆ ನಿಜಕ್ಕೂ ಸಂಕಟ ತರುತ್ತದೆ, ಯಾಕೆಂದರೆ ತರುವವರು ಬಹುಪಾಲು ಓದುವ ಹುಡುಗರು, ದುಡ್ಡು ಅಪ್ಪ ಅಮ್ಮನದು.

ಇದು ನಮ್ಮೂರಿನ ಕಥೆ ಮಾತ್ರ ಅಲ್ಲ. 1990ರ ದಶಕದಲ್ಲಿ ನ್ಯೂಯಾರ್ಕ್‌ನ ಹುಡುಗರು, ಹಿಪ್ ಹಾಪ್ ಹಾಡುವವರು ಈ ಜಾಕೆಟ್ ತೊಟ್ಟರು. ಅಲ್ಲಿನ ಚಳಿಗೆ ಅದು ಬೇಕೇ ಇತ್ತು, ನೋಡಲೂ ಗತ್ತಾಗಿತ್ತು. ಅಲ್ಲಿಂದ ಅದು ಬೀದಿಯ ಬಟ್ಟೆಯಾಯಿತು. 2000ದಲ್ಲಿ ವಿಎಫ್ ಎಂಬ ದೊಡ್ಡ ಕಂಪನಿ ಇದನ್ನು ಕೊಂಡಿತು. 2007ರಿಂದ ಸುಪ್ರೀಂ ಎಂಬ ಫ್ಯಾಷನ್ ಕಂಪನಿ ಜೊತೆ ಸೇರಿ ಬಟ್ಟೆ ತಂದರು, ಆಮೇಲೆ ಗುಚ್ಚಿ ಜೊತೆಗೂ ತಂದರು. ದಕ್ಷಿಣ ಕೊರಿಯಾದಲ್ಲಂತೂ 2010ರ ಆಸುಪಾಸಿಗೆ ಇದಿಲ್ಲದೆ ಶಾಲೆಗೆ ಹೋಗೆವು ಅಂತ ಮಕ್ಕಳು ಹಟ ಹಿಡಿಯುವಂತಾಯಿತು. ಅಪ್ಪ ಅಮ್ಮನ ಬೆನ್ನು ಮುರಿಯುವ ಜಾಕೆಟ್ ಅಂತ ಅಲ್ಲಿನವರೇ ಅದಕ್ಕೆ ಹೆಸರಿಟ್ಟರು. ಗುಡ್ಡದ ಕಡೆ ತಲೆ ಹಾಕದವರೇ ಇವತ್ತು ಇದನ್ನು ಹೆಚ್ಚಾಗಿ ಕೊಳ್ಳುವುದು. ಅದರಲ್ಲಿ ತಪ್ಪೇನೂ ಇಲ್ಲ, ಆದರೆ ಏನು ಕೊಳ್ಳುತ್ತಿದ್ದೇವೆ ಅಂತ ಗೊತ್ತಿರಬೇಕು.

ನಮ್ಮ ಕಡೆ ಇದು ಬೇಕಾ? ಬೀದರಿನಲ್ಲಿ ಡಿಸೆಂಬರ್‌ನ ಕೆಲವು ರಾತ್ರಿ 10 ಡಿಗ್ರಿ ಹತ್ತಿರ ಇಳಿಯುತ್ತದೆ. ಅಲ್ಲಿಗೂ ಉಣ್ಣೆಯ ಸ್ವೆಟರ್, ಮೇಲೊಂದು ಗಾಳಿ ತಡೆಯುವ ತೆಳು ಜಾಕೆಟ್ ಸಾಕು. ಕಲಬುರಗಿ, ಯಾದಗಿರಿಯಲ್ಲಿ ತುಪ್ಪಳದ ಜಾಕೆಟ್ ತೊಟ್ಟರೆ ಮೈ ಬೆವರುತ್ತದೆ, ಆ ಬೆವರಿಗೆ ತುಪ್ಪಳ ಮುದುಡಿ ಬಿಸಿ ಹಿಡಿಯುವ ಗುಣವೇ ಕಡಿಮೆಯಾಗುತ್ತದೆ. ಕೇದಾರನಾಥಕ್ಕೆ ಹೊರಟವರ ಮಾತು ಬೇರೆ, ಅದು 3,500 ಮೀಟರ್‌ಗಿಂತ ಎತ್ತರ. ಅವರಿಗೂ ನಾನು ಹೇಳುವುದು ಮೊದಲು ಒಳ್ಳೆಯ ರೇನ್ ಜಾಕೆಟ್ ತಗೊಳ್ಳಿ ಅಂತ. ಅಲ್ಲಿ ಮಳೆ ಯಾವಾಗ ಬರುತ್ತದೋ ಹೇಳಲಾಗದು, ಒದ್ದೆಯಾದ ತುಪ್ಪಳ ಕೆಲಸಕ್ಕೆ ಬರುವುದಿಲ್ಲ. ರೇನ್ ಜಾಕೆಟ್ ಕೊಳ್ಳುವಾಗ ಒಳಗೆ ತಿರುಗಿಸಿ ನೋಡಿ. ಹೊಲಿಗೆ ಮೇಲೆಲ್ಲ ಟೇಪ್ ಅಂಟಿಸಿರಬೇಕು. ಇಲ್ಲದಿದ್ದರೆ ಸೂಜಿಯ ತೂತಿನಿಂದ ನೀರು ಇಳಿಯುತ್ತದೆ.

ಈಗಾಗಲೇ ತುಪ್ಪಳದ ಜಾಕೆಟ್ ಇದ್ದವರಿಗೆ ಎರಡು ಮಾತು. ಹರಿದರೆ ಮನೆಯಲ್ಲಿ ದಪ್ಪ ಸೂಜಿಯಿಂದ ಹೊಲಿಯಬೇಡಿ, ಪ್ರತಿ ತೂತಿನಿಂದಲೂ ತುಪ್ಪಳ ಹೊರಗೆ ಬರುತ್ತದೆ, ಅಂಟುವ ನೈಲಾನ್ ಟೇಪ್ ಹಚ್ಚಿದರೆ ಸಾಕು. ಮತ್ತೆ ಯಾವ ಕಂಪನಿಯ ರೇನ್ ಜಾಕೆಟ್ ಆಗಲಿ, ಬ್ಯಾಗಾಗಲಿ, ಬೇಸಿಗೆಯಲ್ಲಿ ಪತ್ರಾಸಿನ ಕೆಳಗಿನ ಅಟ್ಟದಲ್ಲಿ ತುರುಕಿ ಇಡಬೇಡಿ. ಹೊರಗೆ 42 ಡಿಗ್ರಿ ಇದ್ದರೆ ಅಲ್ಲಿ ಇನ್ನೂ ಜಾಸ್ತಿ. ಬಟ್ಟೆಯ ಒಳಮೈಗೆ ಬಳಿದ ಪಾಲಿಯುರೆಥೇನ್ ಪದರ ಸೆಕೆಗೆ, ತೇವಕ್ಕೆ ಅಂಟಂಟಾಗಿ ಸಿಪ್ಪೆ ಏಳುತ್ತದೆ. ಹಾಗಾಗಿ ಬಂದದ್ದನ್ನು ನಾನೂ ಸರಿ ಮಾಡಲಾರೆ. ಒಣಗಿಸಿ, ಮಡಚಿ ಒತ್ತದೆ, ನೆಲಮಟ್ಟದ ಕೋಣೆಯಲ್ಲಿ ತೂಗು ಹಾಕಿ.